ಎಲೆ ಅಚ್ಚು: ನರಗಳು ಮುಚ್ಚಿಹೋಗ್ತಿವೆ, ಏನು ಮಾಡಲಿ?

ಹಸಿರುಗೆರೆ:
ಸ್ಥಳೀಯ ಗಿಡಗಳ ಎಲೆಗೇ ಶಾಯಿ ಹಚ್ಚಿ ಅಚ್ಚು ತೆಗೀತಿದ್ದೇನೆ. ಎಣ್ಣೆ ಆಧಾರಿತ ಶಾಯಿ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗೋ) ಕಾಗದ. ಪ್ರೆಸ್ ಇಲ್ಲ, ಚಮಚದ ಬೆನ್ನಲ್ಲಿ ಉಜ್ಜೋದು. ಸಣ್ಣ ನರಗಳೆಲ್ಲ ಮುಚ್ಚಿ ಕಪ್ಪು ಮುದ್ದೆಯಾಗುತ್ತೆ, ಅಂಚಲ್ಲಿ ಹಳದಿ ಕಲೆ ಬೇರೆ. ಜರಿಗಿಡದಲ್ಲಂತೂ ಬರೀ ಚುಕ್ಕೆ. ಗಿಡಕ್ಕೆ ತೊಂದರೆಯಾಗದ ಹಾಗೆ ಎಷ್ಟು ಎಲೆ ಕೀಳಬಹುದು ಅನ್ನೋದನ್ನೂ ಹೇಳಿ.

ಶಾಯಿಕೈ:
ಶಾಯಿ ಜಾಸ್ತಿ ಆಗಿದೆ, ಅಷ್ಟೇ. ಗಾಜಿನ ಮೇಲೆ ಶಾಯಿ ಹರಡುವಾಗ ರೋಲರ್ ಪಚಪಚ ಅಂದರೆ ಶಾಯಿ ದಪ್ಪ. ಸಣ್ಣಗೆ ಚರಚರ ಅನ್ನೋವರೆಗೂ ತೆಳು ಮಾಡಿ. ಎಲೆಯ ಬೆನ್ನಿಗೇ ಹಚ್ಚಿ, ನರ ಉಬ್ಬಿರೋದು ಅಲ್ಲಿ.

ಹಳದಿ ಕಲೆ ಎಲೆಯ ರಸ. ನ್ಯೂಸ್‌ಪೇಪರ್ ನಡುವೆ ಭಾರ ಹೇರಿ ಒಂದು ದಿನ ಇಡಿ. ನೀರು ಆರಿರಬೇಕು, ಬಗ್ಗಿಸಿದರೆ ಮುರಿಯಬಾರದು. ಪೂರ್ತಿ ಒಣಗಿಸಿದರೆ ಪುಡಿಯಾಗಿ ರೋಲರ್‌ಗೆ ಅಂಟಿ, ಮುಂದಿನ ಅಚ್ಚಲ್ಲಿ ಬಿಳಿ ಚುಕ್ಕೆ ಬೀಳುತ್ತೆ.

ಕೈಯಲ್ಲಿ ಉಜ್ಜೋಕೆ 200 ಜಿಎಸ್‌ಎಂ ಭಾರಿ ಆಯ್ತು. ಉದ್ದ ನಾರಿನ ತೆಳು ಕೈಕಾಗದ ತಗೊಳ್ಳಿ. ದಪ್ಪದ್ದೇ ಬೇಕಂದರೆ ಸ್ಪಂಜಲ್ಲಿ ತೇವ ಮಾಡಿ ಅರ್ಧ ಗಂಟೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲಿನ ನೀರಿನ ಹೊಳಪು ಹೋಗೋ ಹಾಗೆ ಒತ್ತಿ ತೆಗೀರಿ. ಮತ್ತೆ ಶಾಯಿ ಹಚ್ಚದೆ ಅದೇ ಎಲೆಯಿಂದ ಎರಡನೇ ಅಚ್ಚು ತೆಗೆದು ನೋಡಿ. ನನ್ನ ಪ್ರಕಾರ ಚೆಂದ ಬರೋದು ಅದೇ.

ಬೇರುಬಳ್ಳಿ:
ಜರಿಯ ಚುಕ್ಕೆಗಳು ಎಲೆಯ ಬೆನ್ನಲ್ಲಿ ಮೂಡೋ ಬೀಜಕಣದ ಗುಚ್ಛ. ಗುಚ್ಛ ಮೂಡದ ಎಲೆ ಆರಿಸಿ, ಇಲ್ಲವೇ ಮೇಲ್ಮುಖಕ್ಕೆ ಶಾಯಿ ಹಚ್ಚಿ.

ಕೀಳೋ ವಿಚಾರ: ಮೊದಲು ಉದುರಿದ್ದನ್ನು ಹುಡುಕಿ. ಕೀಳಲೇಬೇಕಾದರೆ ಚೆನ್ನಾಗಿ ಹಬ್ಬಿರೋ ಕಡೆ ಗಿಡಕ್ಕೊಂದು ಎಲೆ, ಕುಡಿ ಮುಟ್ಟಬೇಡಿ. ಅಪರೂಪದ ಗಿಡವಾದರೆ ಫೋಟೋ ತೆಗೆದು, ಅದನ್ನ ನೋಡಿ ಲಿನೋ (ಅಚ್ಚಿಗೆ ಕೆತ್ತೋ ಮೆತ್ತನೆ ಹಾಳೆ) ಕೆತ್ತಿ, ಒಂದು ಫಲಕದಲ್ಲಿ ಎಷ್ಟು ಪ್ರತಿ ಬೇಕಾದರೂ ಬರುತ್ತೆ. ಆದರೆ ಚಿತ್ರವನ್ನು ತಿರುಗಿಸಿ ಕೆತ್ತಬೇಕು. ಇಲ್ಲದಿದ್ದರೆ ಬಲಕ್ಕೆ ಸುತ್ತೋ ಬಳ್ಳಿ ಅಚ್ಚಲ್ಲಿ ಎಡಕ್ಕೆ ಸುತ್ತುತ್ತೆ, ಗಿಡ ಬಲ್ಲವರು ತಕ್ಷಣ ಹಿಡೀತಾರೆ.

ಹೊರಗಿಂದ ಬಂದು ಹಬ್ಬಿರೋ ಕಳೆಯನ್ನು ಧಾರಾಳವಾಗಿ ಕೀಳಿ. ಬೀಜ ಕಟ್ಟಿದ ತೆನೆ ಮಾತ್ರ ಮನೆಗೆ ತರಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ.

ಶಾಯಿಕೈ:
ತೊಳೆಯೋಕೆ ಟರ್ಪಂಟೈನ್ ಬೇಡ. ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಅಗಸೆ ಎಣ್ಣೆಯ ಶಾಯಿ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಕಿದರೆ ತಾನಾಗೇ ಕಾದು ಹೊತ್ಕೊಳ್ಳಬಹುದು. ಬಿಡಿಸಿ ಹರಡಿ, ಹೊರಗೆ ಒಣಗಿಸಿ.

ಹಸಿರುಗೆರೆ:
ಮುರಿದರೆ ಹಾಲು ಸುರಿಯೋ ಎಲೆಗೂ ಒಂದೇ ದಿನ ಸಾಕಾ?

ಬೇರುಬಳ್ಳಿ:
ತೊಟ್ಟಿನ ಹಾಲು ಪೂರ್ತಿ ಇಳಿದು ನಿಂತ ಮೇಲೆ ಒರೆಸಿ, ಆಮೇಲೆ ಭಾರ ಹೇರಿ. ಮಧ್ಯೆ ಎರಡು ಸಲ ಪೇಪರ್ ಬದಲಿಸಿ, ಇಲ್ಲಾಂದ್ರೆ ಎಲೆ ಅಲ್ಲೇ ಕಚ್ಚಿಕೊಳ್ಳುತ್ತೆ. ಕೆಲವು ಗಿಡದ ಹಾಲು ಚರ್ಮ ಸುಡುತ್ತೆ, ಗ್ಲೌಸ್ ಇರಲಿ.