ಅಪ್ಪನಿಗೆ 23 ಕರೆಂಟ್ (ರೇಡಿಯೇಷನ್) ಆಗಿದೆ, ಇನ್ನು 12 ಬಾಕಿ, ಸಾಕು ಬರಲ್ಲ ಅಂತಿದ್ದಾರೆ

ಪಾಂಡವಪುರದ ಹುಡುಗ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 61 ವರ್ಷ. ಗಂಟಲು ಕ್ಯಾನ್ಸರ್, ಮೂರನೇ ಸ್ಟೇಜ್. ಮೈಸೂರಲ್ಲಿ ಟ್ರೀಟ್‌ಮೆಂಟ್ ನಡೆಯುತ್ತಿದೆ. ಒಟ್ಟು 35 ಕರೆಂಟ್, ವಾರಕ್ಕೆ ಐದು ದಿನ, ಜೊತೆಗೆ ವಾರಕ್ಕೊಂದು ಕಿಮೋ. ದಿನಾ ಬೆಳಿಗ್ಗೆ ರೈಲಲ್ಲಿ ಹೋಗಿ ಮಧ್ಯಾಹ್ನ ವಾಪಸ್ ಬರುತ್ತೇವೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ಇಷ್ಟಕ್ಕೇನಾ ಹೆದರಿಸಿದ್ದು ಅಂತ ಅಪ್ಪ ನಗುತ್ತಿದ್ದರು. ಮೂರನೇ ವಾರ ಶುರುವಾಯಿತು ನೋಡಿ.

ಅಪ್ಪ ಊರಲ್ಲಿ ಮುದ್ದೆ ನುಂಗುವುದಕ್ಕೆ ಹೆಸರುವಾಸಿ. ಬಸ್ಸಾರು ಇದ್ದರೆ ಮೂರು ಮುದ್ದೆ ಲೆಕ್ಕಕ್ಕೇ ಇಲ್ಲ. ಈಗ ತಮ್ಮ ಉಗುಳನ್ನೇ ನುಂಗಲು ಆಗುತ್ತಿಲ್ಲ. ಮಂಚದ ಪಕ್ಕ ಒಂದು ಸ್ಟೀಲ್ ಚೊಂಬು ಇಟ್ಟುಕೊಂಡಿದ್ದಾರೆ, ಲೋಳೆ ಬಂದ ಹಾಗೆಲ್ಲ ಅದಕ್ಕೆ ಉಗಿಯುತ್ತಾರೆ, ಅದು ದಾರದ ಹಾಗೆ ಎಳೆಯುತ್ತದೆ, ಬೆರಳಲ್ಲಿ ಕಿತ್ತು ತೆಗೆಯಬೇಕು. ಮಾತ್ರೆ ನುಂಗಲೇಬೇಕು ಅಂದಾಗ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು, ಕಣ್ಣು ಮುಚ್ಚಿ, ಕಾಲಿನ ಬೆರಳೆಲ್ಲ ಮಡಚಿಕೊಂಡು ನುಂಗುತ್ತಾರೆ. ಅಮ್ಮ ಅದನ್ನು ನೋಡಲಾಗದೆ ಹಿತ್ತಲಿಗೆ ಹೋಗಿಬಿಡುತ್ತಾಳೆ. 64 ಕೆಜಿ ಇದ್ದವರು ಈಗ 57.

ಓಪಿಡಿಯಲ್ಲಿ ಹೇಳಿದರೆ "ಇದೆಲ್ಲ ಇದ್ದಿದ್ದೇ" ಅಂದರು. ಎರಡು ನಿಮಿಷದಲ್ಲಿ ಮುಂದಿನ ಪೇಷೆಂಟ್. ನಿನ್ನೆ ರಾತ್ರಿ ಅಪ್ಪ ನನ್ನ ಮೊಬೈಲ್ ತೆಗೆದುಕೊಂಡು ಟೈಪ್ ಮಾಡಿ ತೋರಿಸಿದರು: "ಸಾಕು ಕಣಪ್ಪ. ನಾಳೆಯಿಂದ ಬರಲ್ಲ."

ಒಂದು ವಾರ ಗ್ಯಾಪ್ ಕೊಟ್ಟು, ಹುಣ್ಣು ಸ್ವಲ್ಪ ಮಾಗಿದ ಮೇಲೆ ಮುಂದುವರಿಸಬಹುದಾ? ಹೇಗೆ ಊಟ ಮಾಡಿಸುವುದು? ಬೈದರೂ ತಿನ್ನಲ್ಲ, ಬೇಡಿಕೊಂಡರೂ ತಿನ್ನಲ್ಲ.

ಸರಸ್ವತಿಪುರಂ ಅಕ್ಕ

ತಮ್ಮಾ, ಮೊದಲು ಇದು ಓದು. ಗ್ಯಾಪ್ ಮಾತ್ರ ಬೇಡ. ನಮ್ಮಮ್ಮನಿಗೂ ಇದೇ ಆಯಿತು, ನಾನೂ ಇದೇ ಕೇಳಿದೆ. ಆಗ ಡಾಕ್ಟರು ಬಿಡಿಸಿ ಹೇಳಿದರು. ಕರೆಂಟ್ ನಿಲ್ಲಿಸಿದರೆ ಹುಣ್ಣು ಮಾಗುವ ಹಾಗೆಯೇ, ಉಳಿದ ಕ್ಯಾನ್ಸರ್ ಕಣಗಳಿಗೂ ಉಸಿರು ಸಿಗುತ್ತದೆ, ಅವು ಮತ್ತೆ ಬೆಳೆಯಲು ಶುರು ಮಾಡುತ್ತವೆ. 23 ದಿನ ಪಟ್ಟ ಪಾಡು ನೀರಲ್ಲಿ ಹೋಮ ಆಗಬಾರದು ಅಲ್ವಾ. ನಿಲ್ಲಿಸಲೇಬೇಕಾದ ಪರಿಸ್ಥಿತಿ ಬಂದರೆ ಅದನ್ನು ಅವರೇ ಹೇಳುತ್ತಾರೆ, ನಾವಾಗಿ ನಿಲ್ಲಿಸುವುದು ಬೇಡ.

ಹಾಗಂತ ನೋವು ಸಹಿಸಿಕೊಂಡು ಇರಬೇಕು ಅಂತಲ್ಲ. ನಾವು ಮಾಡಿದ ತಪ್ಪು ಅದೇ. "ಹೇಗಿದ್ದೀರಮ್ಮ" ಅಂದರೆ ಅಮ್ಮ "ಪರವಾಗಿಲ್ಲ ಸಾರ್" ಅನ್ನುತ್ತಿದ್ದಳು. ಡಾಕ್ಟರ ಮುಂದೆ ಕಷ್ಟ ಹೇಳಿಕೊಳ್ಳುವುದು ಮರ್ಯಾದೆ ಅಲ್ಲ ಅನ್ನೋ ಕಾಲದವರು. ಆಮೇಲೆ ನಾನೇ ಒಂದು ನೋಟ್‌ಬುಕ್ ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋವು ಹತ್ತಕ್ಕೆ ಎಷ್ಟು, ಎಷ್ಟು ಲೋಟ ಒಳಗೆ ಹೋಯಿತು, ಎಷ್ಟು ಸಲ ಮೂತ್ರ, ತೂಕ ಎಷ್ಟು. ಓಪಿಡಿಯಲ್ಲಿ ಮಾತಾಡಲಿಲ್ಲ, ನೋಟ್‌ಬುಕ್ ಬಿಚ್ಚಿ ಟೇಬಲ್ ಮೇಲೆ ಇಟ್ಟೆ. ಆ ದಿನವೇ ಮಾತ್ರೆ ಬದಲಾಯಿತು. "ತುಂಬಾ ನೋವು" ಅಂದರೆ ಯಾರೂ ತಲೆ ಎತ್ತುವುದಿಲ್ಲ, "ನೀರು ನುಂಗಿದರೆ ಹತ್ತಕ್ಕೆ ಒಂಬತ್ತು, ಮೂರು ವಾರದಲ್ಲಿ 7 ಕೆಜಿ ಹೋಗಿದೆ" ಅಂದರೆ ಎತ್ತುತ್ತಾರೆ.

ಬಾಯಿ ತೊಳೆಯುವುದಕ್ಕೆ: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎರಡು ಗಂಟೆಗೊಮ್ಮೆ, ನುಂಗದೆ ಮುಕ್ಕಳಿಸಿ ಉಗಿಯುವುದು. ಲೋಳೆ ಕಿತ್ತು ತೆಗೆಯುವ ಮುಂಚೆ ಇದನ್ನು ಮಾಡಿಸು, ಸಲೀಸಾಗಿ ಬರುತ್ತದೆ. ಅಂಗಡಿಯ ಘಾಟು ಮೌತ್‌ವಾಶ್ ಬೇಡ, ಆಲ್ಕೋಹಾಲ್ ಇದ್ದರೆ ಪ್ರಾಣ ಹೋದ ಹಾಗೆ ಉರಿಯುತ್ತದೆ.

ನಾಟಿ ಮದ್ದು

ಮಾರ್ಫಿನ್ ಗೀರ್ಫಿನ್ ಶುರು ಮಾಡಿದರೆ ಅದಕ್ಕೇ ಚಟ ಆಗುತ್ತದೆ, ಹುಷಾರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರಿಶಿನ, ನಿಂಬೆರಸ, ಜೇನುತುಪ್ಪ ಕೊಡಿ. ನಮ್ಮ ಕಡೆಯವರು ಒಬ್ಬರಿಗೆ ವಾಸಿ ಆಗಿದೆ.

ವಾರ್ಡ್ ಸಿಸ್ಟರ್

ಮೇಲಿನವರೇ, ಸಿಟ್ಟು ಮಾಡಿಕೊಳ್ಳಬೇಡಿ. ಸಿಪ್ಪೆ ಸುಲಿದ ಗಂಟಲಿಗೆ ನಿಂಬೆರಸ ಹಾಕುವುದು ಗಾಯಕ್ಕೆ ಉಪ್ಪುಖಾರ ಹಚ್ಚಿದ ಹಾಗೆ. ದಯವಿಟ್ಟು ಯಾರೂ ಮಾಡಬೇಡಿ.

ಪಾಂಡವಪುರದ ತಮ್ಮ, ನಾನು ರೇಡಿಯೇಷನ್ ವಾರ್ಡಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಬಾಯಿ, ಗಂಟಲ ಒಳಗಿನ ಪದರ ದಿನಾ ಹೊಸದಾಗಿ ಹುಟ್ಟುತ್ತಿರುತ್ತದೆ. ಕರೆಂಟ್ ಆ ಹುಟ್ಟನ್ನೇ ತಡೆಯುತ್ತದೆ. ಅದಕ್ಕೇ ಮೊದಲೆರಡು ವಾರ ಹಳೇ ಪದರದಲ್ಲಿ ಕಾಲ ತಳ್ಳುತ್ತಾರೆ, ಆಮೇಲೆ ಒಳಗೆಲ್ಲ ಹಸಿ ಗಾಯ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳದೆ ಮನೆಯವರು ಗಾಬರಿ ಬೀಳುತ್ತಾರೆ: 35 ಮುಗಿದ ದಿನವೇ ನೋವು ನಿಲ್ಲುವುದಿಲ್ಲ. ಮುಗಿದ ಮೇಲೂ ಒಂದೆರಡು ವಾರ ಹೀಗೇ ಇರಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಮಾರ್ಫಿನ್ ವಿಷಯ. ಕ್ಯಾನ್ಸರ್ ನೋವಿಗೆ ಡಾಕ್ಟರು ಲೆಕ್ಕ ಹಾಕಿ ಕೊಟ್ಟಾಗ ಚಟ ಹತ್ತುವುದು ತೀರಾ ಅಪರೂಪ. ಹುಣ್ಣು ಮಾಗಿದ ಮೇಲೆ ಹಂತ ಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ನಿಜವಾದ ತೊಂದರೆ ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದಲೇ ಸಿರಪ್ ಬರೆಸಿಕೊಳ್ಳಿ. ಮೊದಲ ಎರಡು ಮೂರು ದಿನ ಮಂಪರು ಇರಬಹುದು, ಎಬ್ಬಿಸಿದರೂ ಏಳದ ಹಾಗಿದ್ದರೆ ಮಾತ್ರ ತಕ್ಷಣ ಆಸ್ಪತ್ರೆ. ಇದು ಎಲ್ಲ ಮೆಡಿಕಲ್‌ ಶಾಪಲ್ಲಿ ಸಿಗುವುದಿಲ್ಲ, ಲೈಸೆನ್ಸ್ ಇರುವ ಆಸ್ಪತ್ರೆಯಿಂದಲೇ ತರಬೇಕು. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡಬೇಕು. ಊಟಕ್ಕೆ ಮುಂಚೆ ಗಂಟಲು ಮರಗಟ್ಟಿಸುವ ಜೆಲ್ ಇದೆ, ಅದನ್ನೂ ಕೇಳಿ.

ಮೆಡಿಕಲ್ ಶಾಪಲ್ಲಿ ನೀವೇ ನೋವಿನ ಮಾತ್ರೆ ತರಬೇಡಿ. ವಾರದ ಕಿಮೋ ಸಿಸ್‌ಪ್ಲಾಟಿನ್ ಆಗಿದ್ದರೆ ಅದು ಮೊದಲೇ ಕಿಡ್ನಿಗೆ ಭಾರ, ಅದರ ಮೇಲೆ ಡೈಕ್ಲೋಫೆನಾಕ್ ಥರದ್ದು ಬಿದ್ದರೆ ಇನ್ನೂ ಕೆಡುತ್ತದೆ. ಜ್ವರ 100.4 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ, ಬೆಳಗಾಗಲಿ ಅನ್ನಬೇಡಿ. ಟಾರ್ಚ್ ಬಿಟ್ಟು ಬಾಯಿ ನೋಡಿ. ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಕಂಡರೆ ಫಂಗಸ್ ಇರಬಹುದು, ಅದಕ್ಕೆ ಬೇರೆಯೇ ಔಷಧಿ ಇದೆ, ಅದು ವಾಸಿಯಾದರೆ ಅರ್ಧ ನೋವು ಹೋಗುತ್ತದೆ.

7 ಕೆಜಿ ಅಂದರೆ ಜಾಸ್ತಿ ಆಯಿತು. ಮೂಗಿನಿಂದ ಟ್ಯೂಬ್ ಹಾಕುವ ಬಗ್ಗೆ ನಾಳೆಯೇ ಕೇಳಿ. ಟ್ಯೂಬ್ ಅಂದರೆ ಎಲ್ಲ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಗಂಟಲಿಗೆ ಕೆಲಸ ಕಮ್ಮಿ ಮಾಡಿ ಹೊಟ್ಟೆಗೆ ಅನ್ನ ಹಾಕುವ ದಾರಿ ಅಷ್ಟೇ. ಕೂರಿಸಿ ಕೊಡಬೇಕು, ಆಮೇಲೂ ಮುಕ್ಕಾಲು ಗಂಟೆ ಮಲಗಿಸಬಾರದು. ರಾಗಿ ಗಂಜಿ ಆದರೆ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಟ್ಯೂಬ್ ಕಟ್ಟುತ್ತದೆ. ಕೊಟ್ಟ ಮೇಲೆ ನೀರು ಹಾಯಿಸಿ.

ಮದ್ದೂರು ಮೇಷ್ಟ್ರು

ಸಿಸ್ಟರ್ ಎಲ್ಲ ಹೇಳಿದ್ದಾರೆ. ನಾನು ಹಾಸಿಗೆ ಮೇಲೆ ಮಲಗಿದ್ದವನ ಕಡೆಯಿಂದ ಹೇಳುತ್ತೇನೆ. ನನಗೆ 33 ಕರೆಂಟ್ ಆಗಿ ನಾಲ್ಕು ವರ್ಷ ಆಯಿತು.

ಮಗನೇ, ತಟ್ಟೆ ಹಿಡಿದುಕೊಂಡು ಮುಂದೆ ನಿಂತುಕೊಳ್ಳಬೇಡ. ನನ್ನ ಮಗಳು ಹಾಗೇ ಮಾಡುತ್ತಿದ್ದಳು. ಪಾಪ, ಪ್ರೀತಿಗೇ. ಆದರೆ ಅಡುಗೆಮನೆಯಲ್ಲಿ ಮಿಕ್ಸಿ ಸದ್ದು ಕೇಳಿದರೆ ಸಾಕು, ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹಸಿವು ಇಲ್ಲ, ರುಚಿ ಇಲ್ಲ, ಬೆಲ್ಲ ಬಾಯಿಗಿಟ್ಟರೆ ಸುಣ್ಣ. ಒಳಗೆ ಹೋಗುವ ಪ್ರತಿ ಗುಟುಕೂ ಬ್ಲೇಡು. ಅದರ ಮೇಲೆ "ಅಪ್ಪಾ ಇನ್ನೊಂದು ಚಮಚ" ಅಂದರೆ ಅವಳ ಮುಖ ನೋಡಿ ನನಗೇ ಅಪರಾಧಿ ಥರ ಅನ್ನಿಸುತ್ತಿತ್ತು. ಕೊನೆಗೆ ಒಂದು ದಿನ ಸ್ಲೇಟಲ್ಲಿ ಬರೆದೆ, "ಲೋಟ ಇಟ್ಟು ಹೋಗು". ಅವಳು ಇಟ್ಟು ಹೋದಳು. ಅರ್ಧ ಗಂಟೆ ತೆಗೆದುಕೊಂಡು ನಾನೇ ಕುಡಿದೆ.

ತಣ್ಣಗಿರುವುದು ಹೋಗುತ್ತದೆ. ಎಳನೀರು ಕೆಲವರಿಗೆ ಆಗುತ್ತದೆ, ನನಗೆ ಉರಿಯುತ್ತಿತ್ತು, ಕಿಡ್ನಿ ರಿಪೋರ್ಟ್ ನೋಡಿ ಡಾಕ್ಟರನ್ನು ಕೇಳಿ ಕೊಡು. ಹುಳಿ ಮಜ್ಜಿಗೆ, ಸಾರು, ಮೆಣಸು ಯಾವುದೂ ಬೇಡ. ರಾಗಿ ಸರಿ, ಹಾಲು, ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿದ ಬೇಳೆ, ಮೇಲೆ ತುಪ್ಪ. ದ್ರವ ಕುಡಿದಾಗಲೆಲ್ಲ ಕೆಮ್ಮು ಬಂದರೆ ಸುಮ್ನೆ ಬಿಡಬೇಡ, ಶ್ವಾಸಕೋಶಕ್ಕೆ ಹೋಗುತ್ತಿರಬಹುದು.

ಟ್ಯೂಬ್ ಹಾಕಿದರೂ ಡಾಕ್ಟರು ಬೇಡ ಅನ್ನದಿದ್ದರೆ ದಿನಕ್ಕೆ ಒಂದಷ್ಟು ಸಲ ಒಂದೊಂದು ಗುಟುಕು ನೀರು ನುಂಗಲಿ. ನುಂಗುವುದು ಬಿಟ್ಟರೆ ಗಂಟಲ ಸ್ನಾಯು ಮರೆತುಬಿಡುತ್ತದೆ. ನಾನು ಐದು ವಾರ ಏನೂ ನುಂಗಲಿಲ್ಲ, ಆಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತಿಂಗಳುಗಟ್ಟಲೆ ಅಲೆದೆ. ಅದು 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಮಾತು, ಕಿವಿ ಅಷ್ಟೇ ಅಲ್ಲ, ನುಂಗುವ ತೊಂದರೆಗೂ ಅಲ್ಲಿ ಥೆರಪಿ ಕೊಡುತ್ತಾರೆ. ನೀವು ಮೈಸೂರಿಗೆ ಹೇಗೂ ಹೋಗುತ್ತೀರಿ, ಈಗಲೇ ಒಂದು ಸಲ ವಿಚಾರಿಸಿ. ಬಾಯಿ ಅಗಲಿಸುವ ವ್ಯಾಯಾಮವನ್ನೂ ಬಿಡಿಸಬೇಡ, ಆಮೇಲೆ ದವಡೆ ಬಿಗಿಯುತ್ತದೆ.

ನನಗೆ ಈಗಲೂ ಬಾಯಿ ಒಣಗುತ್ತದೆ. ಕ್ಲಾಸಲ್ಲಿ ಮೇಜಿನ ಮೇಲೆ ನೀರಿನ ಬಾಟಲಿ ಇಲ್ಲದೆ ಪಾಠ ಆಗುವುದಿಲ್ಲ. ಮುದ್ದೆ ಹೋಗುತ್ತದೆ, ಸಾರು ಜಾಸ್ತಿ ಬೇಕು ಅಷ್ಟೇ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳು.

ಪಾಂಡವಪುರದ ಹುಡುಗ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಹೇಳಿದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಮೇಷ್ಟ್ರ ಮುದ್ದೆ ವಿಷಯ ಬಂದಾಗ ಮೊಬೈಲ್ ಕಿತ್ತುಕೊಂಡು ತಾವೇ ಎರಡು ಸಲ ಓದಿದರು. ಮಾರನೇ ದಿನ ಏನೂ ಹೇಳದೆ ಸ್ಟೇಷನ್ನಿಗೆ ಹೊರಟು ನಿಂತಿದ್ದರು.

ಅಕ್ಕ, ನೋಟ್‌ಬುಕ್ ಕೆಲಸ ಮಾಡಿತು. ಬೇರೆ ಡಾಕ್ಟರು ಇದ್ದರು, ಹತ್ತು ನಿಮಿಷ ಕೂರಿಸಿಕೊಂಡು ನೋಡಿದರು. ಸಿಸ್ಟರ್ ಹೇಳಿದ ಹಾಗೆ ಫಂಗಸ್ ಇತ್ತು. ಮಾರ್ಫಿನ್ ಶುರುವಾಗಿದೆ, ಟ್ಯೂಬ್ ಹಾಕಿದ್ದಾರೆ. ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡುತ್ತಾರೆ, ಮೊದಲು ಒಂದೂ ಇರಲಿಲ್ಲ. ತೂಕ 57ರಲ್ಲೇ ನಿಂತಿದೆ. 31 ಆಯಿತು, ಇನ್ನು ನಾಲ್ಕು. ನಾನು ಲೋಟ ಇಟ್ಟು ಹಿತ್ತಲಿಗೆ ಹೋಗುತ್ತೇನೆ. ಈಗ ಹಿತ್ತಲಲ್ಲಿ ನಾನೂ ಅಮ್ಮನೂ ಇಬ್ಬರೂ.

ಒಂದು ಸಣ್ಣ ತೊಂದರೆ. ಟ್ಯೂಬ್ ಕಾಣುತ್ತದೆ ಅಂತ ರೈಲಲ್ಲಿ ನಾಚಿಕೊಂಡು ಟವೆಲನ್ನು ಮುಖ, ಕತ್ತಿಗೆಲ್ಲ ಸುತ್ತಿಕೊಳ್ಳುತ್ತಾರೆ. ಕತ್ತಿನ ಚರ್ಮ ಸುಟ್ಟು ಕಪ್ಪಾಗಿದೆ, ಟವೆಲ್ ಉಜ್ಜಿ ಸಿಪ್ಪೆ ಏಳುತ್ತಿದೆ. ತೆಗೆಯಿರಿ ಅಂದರೆ ಕೇಳಲ್ಲ.

ವಾರ್ಡ್ ಸಿಸ್ಟರ್

ಟವೆಲ್ ಬೇಡ. ಅವರದೇ ಹಳೇ ಪಂಚೆ ಇರುತ್ತಲ್ಲ, ಒಗೆದು ಒಗೆದು ಮೆತ್ತಗಾಗಿರುವುದು, ಅದರಲ್ಲಿ ಒಂದು ತುಂಡು ಹರಿದು ಕೊಡಿ. ಸಡಿಲವಾಗಿ ಹೊದ್ದುಕೊಳ್ಳಲಿ, ಸುತ್ತುವುದು ಬೇಡ. ಬ್ಲೇಡ್ ಶೇವಿಂಗ್, ಅರಿಶಿನ ಬೇಡ, ಕತ್ತಿಗೆ ಸೋಪು ಹಾಕಿ ಉಜ್ಜುವುದು ಬೇಡ. ಸಿಪ್ಪೆ ಎದ್ದ ಜಾಗ ಒದ್ದೆ ಒದ್ದೆ ಆದರೆ ನಾಳೆ ಕರೆಂಟ್ ಕೊಡುವ ಮುಂಚೆಯೇ ತೋರಿಸಿ.

ಮದ್ದೂರು ಮೇಷ್ಟ್ರು

ಕಿಟಕಿ ಪಕ್ಕದ ಸೀಟಲ್ಲಿ ಕೂರಿಸು. ನೀನು ಈ ಕಡೆ ಕೂತುಕೋ.