ಐಕಿಡೊದ ಶಿಹೋನಾಗೆ ಎಸೆತ ಹಾಕುವಾಗ ಜೊತೆಗಾರನ ತಲೆ ನೆಲಕ್ಕೆ ಬಡಿಯದಂತೆ ಏನು ಮಾಡಬೇಕು?

ಪ್ರಶ್ನೆ, ತೀರ್ಥಹಳ್ಳಿಯಿಂದ: ನಾನೂ ನನ್ನ ಚಿಕ್ಕಪ್ಪನ ಮಗನೂ ಐಕಿಡೊ ಎಂಬ ಜಪಾನಿನ ಸಮರಕಲೆ ಕಲಿಯಲು ತೊಡಗಿ ಐದು ತಿಂಗಳಾಯಿತು. ಮೊನ್ನೆ ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಶಿಹೋನಾಗೆ (ಮಣಿಕಟ್ಟು ಹಿಡಿದು, ಕೈಯನ್ನು ಭುಜದ ಹಿಂದಕ್ಕೆ ಮಡಚಿ ಬೀಳಿಸುವ ಎಸೆತ) ಅಭ್ಯಾಸ ಮಾಡುವಾಗ ಅವನ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಅನುಭವವಿರುವವರು ದಯವಿಟ್ಟು ತಿಳಿಸಿ.

ಸಾಗರದ ತೋಟದವನು: ನಾನು ಎಸೆದವನಲ್ಲ, ಬಿದ್ದವನು. 2019ರ ಜುಲೈ. ಮುಂದಕ್ಕೆ ಉರುಳುವಾಗ ತೋಳು ಕುಸಿದು ಭುಜದ ತುದಿಯೇ ನೆಲಕ್ಕೆ ಬಡಿಯಿತು, ಕೊರಳೆಲುಬು ಎರಡು ತುಂಡಾಯಿತು. ಪ್ಲೇಟು, ಆರು ಸ್ಕ್ರೂ, ಮೂರು ದಿನದ ಕೋಣೆ ಬಾಡಿಗೆ ಸೇರಿ 68,400 ರೂಪಾಯಿ. ಫಿಸಿಯೋಥೆರಪಿ ಹದಿನಾಲ್ಕು ಸಲ, ಸಲಕ್ಕೆ 300. ಬಸ್ಸಿನ ಕುಲುಕಾಟ ತಡೆಯಲಾಗದೆ ಅಷ್ಟೂ ಸಲ ಶಿವಮೊಗ್ಗಕ್ಕೆ ಬಾಡಿಗೆ ಕಾರು. ಇದ್ಯಾವುದೂ ದೊಡ್ಡದಲ್ಲ. ಆ ಮಳೆಗಾಲ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸಲು ತೋಟದಲ್ಲಿ ನಿಲ್ಲುವವರಿರಲಿಲ್ಲ. ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತು. ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ಕ್ರಮ, ಮೈಗೆ ಹತ್ತುವ ತನಕ ಎಸೆತಕ್ಕೆ ಕೈ ಹಾಕಬೇಡಿ.

ಶಿವಮೊಗ್ಗದ ಹಳೆಯ ಪೈಲ್ವಾನ: ಇಪ್ಪತ್ತೆರಡು ವರ್ಷ ಗರಡಿಯ ಮಣ್ಣು ಮೆತ್ತಿಕೊಂಡವನು ನಾನು. ಒಂದು ಮೂಳೆ ಮುರಿದಿಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ದಿನವೂ ಅಗೆದು ಹದ ಮಾಡುತ್ತಿದ್ದೆವು. ಮಣಿಕಟ್ಟು ತಿರುಚಿ ಬೀಳಿಸುವುದನ್ನು ವಿದ್ಯೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಾಗರದ ತೋಟದವನು: ಒಪ್ಪಿ ಎಂದು ಯಾರೂ ಕೇಳಲಿಲ್ಲ, ಯಜಮಾನರೇ. ಎದುರಾಳಿಗೂ ಗಾಯವಾಗಬಾರದು ಎಂಬುದೇ ಮೊರಿಹೆಯಿ ಉಯೆಶಿಬಾ ಕಟ್ಟಿದ ಈ ವಿದ್ಯೆಯ ತಿರುಳು. ಮುರಿದು ಕೂಡಿದ ಭುಜದಲ್ಲೇ ಮತ್ತೆ ಹೋಗಿ ಕಲಿತಿದ್ದೇನೆ.

ಹೊಸನಗರದ ಶಿಕ್ಷಕಿ: ನಾನು ಎಸೆದವಳು. ಬಿದ್ದವಳು ನನ್ನ ಗೆಳತಿ. ಅವಳ ಕೈಯನ್ನು ಮಡಚಿ ಅವಳದೇ ಭುಜದ ಹಿಂದಕ್ಕೆ ತರುವ ಬದಲು ಹೊರಕ್ಕೆ ಎಳೆದೆ. ಮೊಣಕೈ ಉಳಿಸಿಕೊಳ್ಳಲು ಅವಳು ಹಾರಿದಳು. ನೆಲ ಮುಟ್ಟುವ ತನಕ ನಾನು ಮಣಿಕಟ್ಟು ಬಿಡಲಿಲ್ಲ, ಅವಳಿಗೆ ಹೊರಳಲು ಜಾಗವೇ ಸಿಗಲಿಲ್ಲ. ಎರಡು ಸಲ ವಾಂತಿ, ರಾತ್ರೋರಾತ್ರಿ ಸಿ.ಟಿ. ಸ್ಕ್ಯಾನ್, ಮೂರು ವಾರ ಬೆಳಕು ಕಂಡರೆ ತಲೆನೋವು. ಅವಳು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ. ಈಗ ನಾನು ಮೊಣಕಾಲು ಬಗ್ಗಿಸಿ, ಜೊತೆಗಾರರ ಕೈಯನ್ನು ಅವರ ಭುಜಕ್ಕೆ ಅಂಟಿದಂತೆ ಇಟ್ಟು, ಎಸೆಯದೆ ಮೆಲ್ಲಗೆ ಕೂರಿಸುತ್ತೇನೆ. ಬೀಳುವವರು ಗದ್ದವನ್ನು ಎದೆಗೊತ್ತಿ ತಮ್ಮ ಸೊಂಟಪಟ್ಟಿಯ ಗಂಟು ನೋಡಬೇಕು. ತೀರ್ಥಹಳ್ಳಿಯವರೇ, ಅವನಿಗೆ ವಾಂತಿ, ಮಂಪರು ಇದ್ದರೆ ಇದನ್ನು ಓದುತ್ತ ಕೂರಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಶಿವಮೊಗ್ಗದ ಹಳೆಯ ಪೈಲ್ವಾನ: ಮಣ್ಣಿನ ಮೇಲಾಗಿದ್ದರೆ ಸ್ಕ್ಯಾನ್ ಬೇಕಿರಲಿಲ್ಲ, ಮೇಡಂ.

ಹೊಸನಗರದ ಶಿಕ್ಷಕಿ: ನೋಡದ್ದನ್ನು ಹೇಳಬೇಡಿ. ಆ ರಾತ್ರಿ ಅವಳ ತಾಯಿಯ ಎದುರು ನಿಂತವಳು ನಾನು.

ಕೊಪ್ಪದವನು: ಆಷಾಢದಲ್ಲಿ ನಮ್ಮ ಕಡೆ ಒಣಮಣ್ಣು ಎಲ್ಲಿದೆ? 40 ಮಿಲಿಮೀಟರ್ ದಪ್ಪದ ಫೋಮ್ ಹಾಸು ಹದಿನಾರು ತುಂಡು ತಂದೆ, ಸಾಗಣೆ ಸೇರಿ 22,000. ಮೊದಲ ಮಳೆಗಾಲಕ್ಕೇ ಅಡಿಯೆಲ್ಲ ಬೂಷ್ಟು. ವಾರಕ್ಕೊಮ್ಮೆ ಎತ್ತಿ, ಒರೆಸಿ, ಗೋಡೆಗೆ ಆನಿಸಿ ಗಾಳಿಗಿಡುತ್ತೇನೆ.

ಶಿವಮೊಗ್ಗದ ಹಳೆಯ ಪೈಲ್ವಾನ: ಗರಡಿಗೆ ಮಾಡು ಇರುತ್ತದೆ, ಸ್ವಾಮಿ. ಮಳೆಯಲ್ಲಿ ಮಣ್ಣು ಕಾಪಾಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಕೊಪ್ಪದವನು: ಹಾಗಾದರೆ ಜುಲೈಯಲ್ಲಿ ಆಗುಂಬೆಗೆ ಬನ್ನಿ, ಮಣ್ಣು ನಾನು ಕೊಡುತ್ತೇನೆ, ಹದ ಮಾಡಿ ತೋರಿಸಿ.