ಕೊಂಡ ಹಾಡೋ, ಗೇಣಿ ಹಾಡೋ? ಒಂದು ಪದ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ಒಂದು ಪದ ಹುಡುಕ್ತಾ ಇದ್ದೇನೆ. ಪದ ಅಂದ್ರೆ ಇಲ್ಲಿ ಶಬ್ದ, ಹಾಡು ಅಲ್ಲ, ಆದ್ರೆ ಕೇಳ್ತಿರುದು ಹಾಡಿನ ವಿಷಯವೇ: ದುಡ್ಡು ಕೊಟ್ಟು ತಗೊಂಡ್ರೂ ಬೀಗ ಬಿದ್ದು ಕೇಳ್ಲಿಕ್ಕಾಗದ ಹಾಡಿಗೆ ಎಂತ ಹೇಳುದು ಅಂತ. ನಮ್ಮ ಪುತ್ತೂರು ಕಡೆ ಸಿನೆಮಾ ಹಾಡಿಗೂ ‘ಪದ್ಯ’ ಅಂತಲೇ ಹೇಳುದು, ಬಸ್ಸಲ್ಲಿ ಡ್ರೈವರಿಗೆ ‘ಒಂದು ಪದ್ಯ ಹಾಕಿ ಮಾರಾಯ್ರೆ’ ಅಂದ್ರೆ ಅವ್ರು ಛಂದಸ್ಸು ಹೇಳ್ಲಿಕ್ಕೆ ಶುರು ಮಾಡುದಿಲ್ಲ.

ಆದದ್ದು ಇಷ್ಟು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಅಪ್ಡೇಟ್ ನಿಂತಿತಲ್ಲ, ನನ್ನ ಲ್ಯಾಪ್ಟಾಪು ಹಳೇದು, 11 ಹಾಕ್ಲಿಕ್ಕೆ ಟಿಪಿಎಂ 2.0 ಅಂತ ಒಂದು ಭದ್ರತೆಯ ಚಿಪ್ಪು ಬೇಕಂತೆ, ಅದು ಇದ್ರಲ್ಲಿಲ್ಲ. ದೀಪಾವಳಿಗೆ ಬಂದ ಅಕ್ಕನ ಮಗ ‘ಬಿಸಾಡ್ಬೇಡಿ ಮಾವ’ ಅಂತ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿ ಕೊಟ್ಟ. ಚೆನ್ನಾಗಿಯೇ ಓಡ್ತದೆ, ಅದ್ರ ಬಗ್ಗೆ ದೂರಿಲ್ಲ. ಹಾಡಿನ ಫೋಲ್ಡರನ್ನೂ ಹಾಗೇ ತಂದು ಇಟ್ಟ. ಅವ ಊರಿಗೆ ಹೋದ ಮೇಲೆ ನಾನು ಒಂದೊಂದೇ ಹಾಡು ಒತ್ತಿ ನೋಡಿದೆ, ಕೆಲವು ಬಂತು, ಕೆಲವು ಬರ್ಲಿಲ್ಲ.

ಈ ‘ಬರ್ಲಿಲ್ಲ’ ಉಂಟಲ್ಲ, ಅದೇ ಮೂರು ಥರ. ಎಎಸಿ ಅನ್ನುವ ಥರದ ಫೈಲಿನ ಹಾಡುಗಳು ಬರ್ಲಿಲ್ಲ ಯಾಕಂದ್ರೆ ಮಿಂಟ್ ಹಾಕುವಾಗ ‘ಮಲ್ಟಿಮೀಡಿಯಾ ಕೋಡೆಕ್’ (ಬೇರೆ ಬೇರೆ ಥರದ ಹಾಡಿನ ಫೈಲನ್ನು ಬಿಡಿಸಿ ಓದುವ ಸಾಫ್ಟ್‌ವೇರ್) ಅಂತ ಒಂದು ಟಿಕ್ ಹಾಕ್ಲಿಕ್ಕುಂಟು, ಹುಡುಗ ಬಿಟ್ಟಿದ್ದ, ಆಮೇಲೆ ಹಾಕಿದ್ದೇ ಬಂತು. ಎರಡನೇದು ಪ್ಲೇಲಿಸ್ಟು. ಹಾಡು ಅಲ್ಲೇ ಉಂಟು, ಆದ್ರೆ ಪ್ಲೇಲಿಸ್ಟಲ್ಲಿ ಎಲ್ಲದಕ್ಕೂ ಡಿ ಡ್ರೈವಿನ ವಿಳಾಸ, ಲಿನಕ್ಸಿಗೆ ಡಿ ಯಾರು ಸಿ ಯಾರು ಗೊತ್ತಿಲ್ಲ, ವಿಳಾಸದ ನಡುವಿನ ಓರೆ ಗೆರೆ ಕೂಡ ಆಕಡೆ ವಾಲಿದ್ದು ಈಕಡೆ ವಾಲ್ಬೇಕು, ಮೇಲೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ಹಟ. ಅದೊಂದು ಬರೀ ಟೆಕ್ಸ್ಟ್ ಫೈಲು, ಫೈಂಡ್ ರಿಪ್ಲೇಸ್ ಮಾಡಿ ಸರಿ ಮಾಡಿದೆ, ಅರ್ಧ ಗಂಟೆ ಹಿಡೀತು.

ಮೂರನೇದಕ್ಕೆ ಮದ್ದಿಲ್ಲ. 2006ರಲ್ಲಿ ಪ್ರಾಜೆಕ್ಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ಒಂದು ಆನ್‌ಲೈನ್ ಅಂಗಡಿಯಲ್ಲಿ, ಹೆಸರು ಬೇಡ, ಅದು ಈಗ ಬಾಗಿಲು ಹಾಕಿದೆ, ಒಂದಕ್ಕೆ 99 ಸೆಂಟಿನ ಹಾಗೆ 41 ಹಾಡು ತಗೊಂಡಿದ್ದೆ. ಮೈಕ್ರೋಸಾಫ್ಟಿನ ಡಬ್ಲ್ಯುಎಂಎ ಥರದ ಫೈಲು. ಒಂದೊಂದು ನಾಲ್ಕು ಎಂಬಿ ಹತ್ತಿರ, ಹಾಡಿದವರ ಹೆಸರು, ಆಲ್ಬಮ್, 3 ನಿಮಿಷ 52 ಸೆಕೆಂಡ್ ಅಂತ ಎಲ್ಲ ಕಾಣ್ತದೆ. ಒತ್ತಿದ್ರೆ ಕೆಳಗಿನ ಗೀಟು ಸರಿಯುದೇ ಇಲ್ಲ, ಒಂದು ಕ್ಷಣ ನಿಂತು ಮುಂದಿನ ಹಾಡಿಗೆ ಹಾರ್ತದೆ. ಹಾಡಿಗೆ ಬೀಗ ಹಾಕಿದ್ದಾರೆ, ಕೀಲಿಕೈ ಹಳೇ ವಿಂಡೋಸಿನ ಒಳಗಿತ್ತು, ಹೊಸ ಕೀಲಿಕೈ ಕೊಡ್ಬೇಕಾದ ಸರ್ವರು ಅಂಗಡಿಯೊಟ್ಟಿಗೇ ಹೋಯ್ತು. ನನ್ನದೊಂದೇ ಕಥೆ ಅಲ್ಲ, 2008ರಲ್ಲಿ ಎಂಎಸ್ಎನ್ ಮ್ಯೂಸಿಕ್, ಯಾಹೂ ಮ್ಯೂಸಿಕ್ ಎರಡೂ ಕೀಲಿಕೈ ಕೊಡುದು ನಿಲ್ಲಿಸ್ತೇವೆ ಅಂದಾಗ ಗಲಾಟೆ ಆದದ್ದು ಕೆಲವರಿಗೆ ನೆನಪಿರ್ಬಹುದು.

ತಮಾಷೆ ಕೇಳಿ, ಅದೇ ಫೋಲ್ಡರಲ್ಲಿ ನಾನೇ ಸಿಡಿಯಿಂದ ತೆಗೆದಿಟ್ಟ ಭಾವಗೀತೆಗಳು ಉಂಟು, ಅವುಗಳ ಹೆಸರನ್ನು ಆಗ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಈಗ ನೋಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ ಸಿಕ್ಕಿಸಿದ ಹಾಗೆ ಕಾಣ್ತದೆ. ಅಲ್ಲಿ ಹೆಸರು ಓದ್ಲಿಕ್ಕಾಗುದಿಲ್ಲ, ಹಾಡು ಬರ್ತದೆ. ಇಲ್ಲಿ ಹೆಸರು ಚಂದ ಕಾಣ್ತದೆ, ಸ್ವರ ಇಲ್ಲ.

ಈಗ ಪದಕ್ಕೆ ಬರ್ತೇನೆ. ಮೂರಕ್ಕೂ ಕಂಪ್ಯೂಟರ್ ಹೇಳುದು ಹೆಚ್ಚುಕಮ್ಮಿ ಒಂದೇ ಮಾತು, ಪ್ಲೇ ಮಾಡ್ಲಿಕ್ಕೆ ಆಗುದಿಲ್ಲ ಅಂತ. ಕನ್ನಡದಲ್ಲಿ ನಮಗೆ ಇದಕ್ಕಿಂತ ಚೆನ್ನಾಗಿ ಹೇಳ್ಲಿಕ್ಕೆ ಬರ್ತದೆ ಅಲ್ವಾ? ಕೋಡೆಕ್ ಇಲ್ಲದಾಗ ‘ಬರುದಿಲ್ಲ’ (ನನಗೆ ತಮಿಳು ಬರುದಿಲ್ಲ ಅಂತೇವಲ್ಲ ಹಾಗೆ), ಫೈಲು ಕಾಣದಾಗ ‘ಸಿಕ್ಕುದಿಲ್ಲ’, ಬೀಗ ಇದ್ದಾಗ ‘ಬಿಡುದಿಲ್ಲ’. ‘ಆಗದು’ ಬೇರೆ, ‘ಕೂಡದು’ ಬೇರೆ. ಸಾಫ್ಟ್‌ವೇರ್ ಕನ್ನಡ ಮಾಡುವವರು ಎಲ್ಲದಕ್ಕೂ ‘ಸಾಧ್ಯವಾಗಲಿಲ್ಲ’ ಅಂತ ಒಂದೇ ಮುದ್ರೆ ಒತ್ತಿ ಬಿಡ್ತಾರೆ, ನನಗೆ ಅದು ಸುಳ್ಳು ಹೇಳಿದ ಹಾಗೆ ಕೇಳ್ತದೆ. ಬೀಗ ಹಾಕಿದ ಬಾಗಿಲ ಎದುರು ನಿಂತವನಿಗೆ ‘ಬಾಗಿಲು ತೆಗೆಯಲು ಸಾಧ್ಯವಾಗಲಿಲ್ಲ’ ಅಂತ ಒಳಗಿದ್ದವನೇ ಹೇಳಿದ ಹಾಗೆ.

ಈ ಬೀಗಕ್ಕೆ ಡಿಆರ್‌ಎಂ ಅಂತ ಹೆಸರು, ಕನ್ನಡದಲ್ಲಿ ‘ಡಿಜಿಟಲ್ ಹಕ್ಕು ನಿರ್ವಹಣೆ’ ಅಂತ ಬರೆಯುದು ನೋಡಿದ್ದೇನೆ. ಯಾರ ಹಕ್ಕು? ಓದಿದ್ರೆ ನನ್ನದೇ ಹಕ್ಕನ್ನು ಯಾರೋ ಜೋಪಾನ ಮಾಡ್ತಿದ್ದಾರೆ ಅನ್ನಿಸ್ತದೆ. ಸ್ವತಂತ್ರ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಅದನ್ನು ಹಕ್ಕಿನ ಬದಲು ‘ನಿರ್ಬಂಧ’ ಅಂತಲೇ ಬಿಡಿಸಿ ಹೇಳ್ತಾರೆ. ಸುಮ್ನೆ ‘ಹಾಡುಬೀಗ’ ಅಂದ್ರೆ ಸಾಕಲ್ವಾ? ಬೀಗ ಮುರಿಯುವ ಸಾಫ್ಟ್‌ವೇರ್ ಮಾತ್ರ ಯಾರೂ ಕಳಿಸ್ಬೇಡಿ, 2012ರ ತಿದ್ದುಪಡಿಯಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೂ 65ಎ ಅಂತ ಅದ್ರ ಮೇಲೆ ಒಂದು ಕಲಮು ಸೇರಿದೆ, ನನಗೆ ಬೇಕಾದ್ದು ಪದ ಮಾತ್ರ.

ಮುಖ್ಯ ಪ್ರಶ್ನೆ ಇದು. ಆ 41 ಹಾಡನ್ನು ನಾನು ‘ಕೊಂಡದ್ದು’ ಅಂತ ಹೇಳ್ಬಹುದಾ? ಕೊಂಡದ್ದು, ಖರೀದಿ, ಕ್ರಯ, ಎಲ್ಲದರಲ್ಲೂ ದುಡ್ಡು ಕೊಟ್ಟ ಮೇಲೆ ವಸ್ತು ನನ್ನದು ಅಂತ ಅರ್ಥ ಉಂಟು. ಕ್ಯಾಲಿಫೋರ್ನಿಯಾದಲ್ಲಿ ಇದೇ ಶಬ್ದಕ್ಕೆ ಕಾನೂನೇ ಬಂದಿದೆ, 2025ರ ಜನವರಿ 1ರಿಂದ, ಬರೀ ಲೈಸೆನ್ಸ್ ಕೊಡುವ ಅಂಗಡಿ ಅದನ್ನು ಸ್ಪಷ್ಟ ಹೇಳದೆ ‘ಬೈ’ (ಕೊಳ್ಳಿ) ಅಂತ ಗುಂಡಿ ಇಡುವ ಹಾಗಿಲ್ಲ. ಪೂರ್ತಿ ಡೌನ್‌ಲೋಡ್ ಮಾಡಿ ಯಾವಾಗ ಬೇಕಾದ್ರೂ ಕೇಳುವ ಹಾಗೆ ಕೊಟ್ರೆ ಅಡ್ಡಿ ಇಲ್ಲ. ಆಪಲ್‌ನ ಐಟ್ಯೂನ್ಸ್ ಅಂಗಡಿಯ ಹಾಡಿಗೂ 2003ರಿಂದ ಬೀಗ ಇತ್ತು, ಮೊದ್ಲು 3, ಆಮೇಲೆ 5 ಕಂಪ್ಯೂಟರಿಗೆ ಮಾತ್ರ ಅಪ್ಪಣೆ, 2009ರಲ್ಲಿ ತೆಗೆದ್ರು. ತೆಗೆದ ಮೇಲೆ ಮಾರಿದ್ದನ್ನು ‘ಕೊಂಡ ಹಾಡು’ ಅಂತ ಧಾರಾಳ ಹೇಳ್ಬಹುದು, ಮಿಂಟಲ್ಲೂ ಬರ್ತದೆ. ಮೊದ್ಲಿನದ್ದಕ್ಕೆ ಎಂತ ಹೇಳುದು?

‘ಬಾಡಿಗೆ’ ಸರಿಯಾಗುದಿಲ್ಲ, ತಿಂಗಳು ತಿಂಗಳು ಕೊಡ್ಲಿಲ್ಲ, ಅದು ಈಗಿನ ಸ್ಟ್ರೀಮಿಂಗಿಗೆ ಹೊಂದ್ತದೆ. ಬೆಂಗಳೂರಿನವರು ‘ಭೋಗ್ಯ’ ಅಂತಾರಲ್ಲ, ಒಟ್ಟಿಗೆ ದುಡ್ಡು ಕೊಟ್ಟು ಮನೆಯಲ್ಲಿ ಕೂರುದು, ಅದು ಹತ್ತಿರ ಬಂತು, ಆದ್ರೆ ಭೋಗ್ಯದಲ್ಲಿ ಮನೆ ಬಿಡುವಾಗ ದುಡ್ಡು ವಾಪಸ್, ಇಲ್ಲಿ ಮನೆಯೂ ಇಲ್ಲ ದುಡ್ಡೂ ಇಲ್ಲ. ನನಗೆ ಹೊಳೆದದ್ದು ನಮ್ಮೂರಿನ ‘ಗೇಣಿ’, ಅಂದ್ರೆ ಧಣಿಯ ಗದ್ದೆಯನ್ನು ಬೇರೆಯವರು ಮಾಡಿ ಅದಕ್ಕೆ ಕೊಡುವ ಪಾಲು. ಅದ್ರಲ್ಲೂ ಎರಡು ಜಾತಿ ಉಂಟು, ಮೂಲಗೇಣಿ ಅಂದ್ರೆ ಗೇಣಿ ಕೊಡುವಷ್ಟು ಕಾಲ ಎಬ್ಬಿಸ್ಲಿಕ್ಕಿಲ್ಲ, ಮಕ್ಕಳು ಮೊಮ್ಮಕ್ಕಳಿಗೂ ನಡೀತದೆ. ಚಾಲಗೇಣಿ ಅಂದ್ರೆ ಧಣಿಯ ಮನಸ್ಸು, ಈ ವರ್ಷ ಉಂಟು, ಬರುವ ವರ್ಷ ಏಳು ಅಂದ್ರೆ ಏಳ್ಬೇಕು. ನನ್ನ ಅಜ್ಜ ಚಾಲಗೇಣಿಯಲ್ಲಿ ಗದ್ದೆ ಮಾಡ್ತಿದ್ದವರು, 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು ಗದ್ದೆ ಅವರದ್ದಾಯ್ತು. ಉಳುವವನೇ ಹೊಲದೊಡೆಯ ಆದ, ಕೇಳುವವನೇ ಹಾಡಿನೊಡೆಯ ಅಂತ ಡಿಕ್ಲರೇಶನ್ ಕೊಡ್ಲಿಕ್ಕೆ ಟ್ರಿಬ್ಯೂನಲ್ ಎಲ್ಲುಂಟು? ಹಾಗಾಗಿ ಬೀಗದ ಹಾಡಿಗೆ ‘ಚಾಲಗೇಣಿ ಹಾಡು’ ಅಂತ ನನ್ನ ಮಟ್ಟಿಗೆ ಹೆಸರಿಟ್ಟಿದ್ದೇನೆ. ತೊಂದರೆ ಅಂದ್ರೆ ಘಟ್ಟ ಹತ್ತಿದ್ರೆ ಯಾರಿಗೂ ಅರ್ಥ ಆಗುದಿಲ್ಲ.

ಮನೆಯಲ್ಲೇ ಆಗ್ಲಿಲ್ಲ. ನನ್ನ ಹೆಂಡತಿ ಧಾರವಾಡದವಳು. ಮೊನ್ನೆ ಸಂಜೆ ನಾನು ಲ್ಯಾಪ್ಟಾಪ್ ಹಿಡ್ಕೊಂಡು ಸುಮ್ನೆ ಕೂತದ್ದು ನೋಡಿ,

‘ಹಾಡ ಹಚ್ರೀ, ಯಾಕ ಸುಮ್ನ ಕುಂತೀರಿ?’

‘ಬಿಡುದಿಲ್ಲ ಇದು.’

‘ರೊಕ್ಕಾ ಕೊಟ್ಟು ತಗೊಂಡೀನಿ ಅಂತಿದ್ರಿ?’

ಚಾಲಗೇಣಿ ಬಗ್ಗೆ ಅಜ್ಜನಿಂದ ಶುರು ಮಾಡಿ ಎಲ್ಲ ಹೇಳಿದೆ. ಕೇಳಿ ನಗಾಡಿದ್ಲು. ‘ಅಷ್ಟ ಹೌದಿಲ್ಲೋ, ಹೊಲಾ ಹಂಗ ಮಾಡಾಕ ಕೊಟ್ರ ನಮ್ಮ ಕಡೆ ಲಾವಣಿ ಅಂತಾರ. ನಿಮ್ಮವು ಲಾವಣಿ ಹಾಡ ಬಿಡ್ರಿ.’

ನನಗೆ ಲಾವಣಿ ಅಂದ್ರೆ ಡಪ್ಪು ಬಾರಿಸಿ ಹೇಳುವ ಹಾಡು ಅಂತ ಮಾತ್ರ ಗೊತ್ತಿತ್ತು. ಹೊಲ ಲಾವಣಿಗೆ ಹಾಕುದು ಅಂತ ನಿಮ್ಮಲ್ಲಿ ಯಾರ ಊರಲ್ಲೆಲ್ಲ ಹೇಳ್ತಾರೆ? ಆ ಲಾವಣಿಯಲ್ಲಿ ಒಡೆಯ ಯಾವಾಗ ಬೇಕಾದ್ರೂ ಎಬ್ಬಿಸ್ಬಹುದಾ, ಇಲ್ಲ ವರ್ಷದ ಲೆಕ್ಕವಾ? ಎರಡು ಲಾವಣಿಯೂ ಒಂದೇ ಮೂಲವಾ ಅಂತ ಗೊತ್ತಿದ್ದವರು ಬರೆಯಿರಿ. ಹಾಗೆ ‘ಹಾಡು ಹಚ್ಚು’ ಎಲ್ಲಿಂದ ಆಚೆ ‘ಹಾಡು ಹಾಕು’ ಆಗ್ತದೆ, ದಾವಣಗೆರೆಯವರು ಯಾರಾದ್ರೂ ಇದ್ರೆ ಅದನ್ನೂ ತಿಳಿಸಿ.